ಬಿಸಿಲಿಗೆ ಬೆಳ್ಳಗಾದ ಕಾರಿನ ಕಪ್ಪು ಪ್ಲಾಸ್ಟಿಕ್: ನಾನು ಮಾಡಿದ್ದು, ಬಿಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ. ಮಂಕಾದ ಪ್ಲಾಸ್ಟಿಕ್ಕನ್ನು ಮತ್ತೆ ಕಪ್ಪು ಮಾಡೋದು ದೊಡ್ಡ ವಿಷಯವೇ ಅಲ್ಲ. ಅಡುಗೆ ಎಣ್ಣೆ ಸವರಿದರೂ ಕಪ್ಪಾಗುತ್ತದೆ. ಆ ಕಪ್ಪು ಎಷ್ಟು ದಿನ ನಿಲ್ಲುತ್ತದೆ ಅನ್ನೋದರಲ್ಲೇ ಎಲ್ಲ ಇರೋದು, ಮತ್ತು ಅದು ಬಾಟಲಿಯಲ್ಲಿರುವ ದ್ರವಕ್ಕಿಂತ ಜಾಸ್ತಿ ಅದಕ್ಕೆ ಮುಂಚೆ ನೀವು ಎಷ್ಟು ಚೆನ್ನಾಗಿ ತೊಳೆದಿರಿ ಅನ್ನೋದರ ಮೇಲೆ ನಿಂತಿದೆ.

ನನ್ನ ಕಾರು ನಿಲ್ಲೋದು ಬಯಲಲ್ಲಿ. ಪೇಂಟ್ ಈಗಲೂ ಚೆನ್ನಾಗಿದೆ. ಆದರೆ ಬಂಪರಿನ ಕೆಳಭಾಗ, ಚಕ್ರದ ಸುತ್ತಲಿನ ಕಪ್ಪು ಪಟ್ಟಿ, ಕನ್ನಡಿಯ ಬುಡ, ರೂಫ್ ರೇಲಿನ ತುದಿ ಎಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಎಲ್ಲಕ್ಕಿಂತ ಹಾಳಾಗಿದ್ದು ವೈಪರ್ ಬುಡದ ಅಗಲವಾದ ಪಟ್ಟಿ, ಕೌಲ್ ಅಂತಾರಲ್ಲ, ಅದು. ಯಾಕೆ ಅಂದರೆ ಅದು ಆಕಾಶಕ್ಕೆ ಮುಖ ಮಾಡಿಕೊಂಡು ಮಲಗಿರುತ್ತದೆ, ಬಿಸಿಲು ನೇರ ಬೀಳುತ್ತದೆ, ಜೊತೆಗೆ ಕೆಳಗಿನಿಂದ ಎಂಜಿನ್ ಕಾವು. ಬಾಗಿಲ ಕೆಳಗಿನ ನೆಟ್ಟಗಿನ ಪಟ್ಟಿಗಳು ಅಷ್ಟು ಕೆಟ್ಟಿರಲಿಲ್ಲ. ಇನ್ನೊಂದು ಮಜಾ ಅಂದರೆ ಒಂದೇ ಗಾಡಿಯ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣುತ್ತಿತ್ತು. ದಿನಾ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದುದರಿಂದ ಮಧ್ಯಾಹ್ನದ ಬಿಸಿಲು ಬೀಳುವ ಬದಿ ಹೆಚ್ಚು ಬೆಳ್ಳಗಾಗಿತ್ತು. ಮಡ್ ಫ್ಲ್ಯಾಪ್ ಬಿಚ್ಚಿ ನೋಡಿದರೆ ಅದರ ಹಿಂದೆ ಅಚ್ಚುಕಟ್ಟಾಗಿ ಅದೇ ಆಕಾರದಲ್ಲಿ ಹೊಸ ಗಾಡಿಯ ಕಪ್ಪು ಹಾಗೇ ಕೂತಿತ್ತು. ಮಳೆ, ಕೆಸರು, ಶಾಂಪೂ ಎಲ್ಲ ಅಲ್ಲಿಗೂ ಹೋಗಿದೆ, ಬಿಸಿಲು ಮಾತ್ರ ಹೋಗಿಲ್ಲ. ಕಳ್ಳ ಯಾರು ಅಂತ ಇನ್ನೇನು ಸಾಕ್ಷಿ ಬೇಕು?

ಒಳಗೆ ಆಗೋದೇನು ಅಂತ ಸ್ವಲ್ಪ ತಿಳಿದುಕೊಂಡರೆ ಯಾವ ಬಾಟಲಿ ಯಾಕೆ ಕೆಲಸ ಮಾಡುತ್ತದೆ ಅನ್ನೋದು ತಾನಾಗೇ ಅರ್ಥವಾಗುತ್ತದೆ. ಈ ಬಣ್ಣ ಬಳಿಯದ ಕಪ್ಪು ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ಅದಕ್ಕೆ ರಬ್ಬರಿನಂಥದ್ದು ಮತ್ತು ಎಷ್ಟೋ ಸಲ ಟಾಲ್ಕ್ ಅನ್ನೋ ಬಿಳಿ ಖನಿಜದ ಪುಡಿ ಬೆರೆಸಿರುತ್ತಾರೆ. ನೆಲ ಮುಟ್ಟುವ ಬಿಸಿಲಿನಲ್ಲಿ ಸುಮಾರು 295ರಿಂದ 400 ನ್ಯಾನೊಮೀಟರ್ ತನಕದ ಅತಿನೇರಳೆ ಕಿರಣ, ಅಂದರೆ ಯುವಿ ಇರುತ್ತದೆ. ಒಟ್ಟು ಶಕ್ತಿಯಲ್ಲಿ ಅದರ ಪಾಲು ಶೇಕಡಾ 5ರ ಆಸುಪಾಸು, ಅಷ್ಟೇ. ಆದರೆ ಪ್ಲಾಸ್ಟಿಕ್ಕಿನ ಅಣುಗಳ ಉದ್ದುದ್ದ ಸರಪಳಿಗಳನ್ನು ಕತ್ತರಿಸಲು ಅಷ್ಟು ಸಾಕು. ಒಂದು ಕಡೆ ತುಂಡಾದರೆ ಗಾಳಿಯಲ್ಲಿರುವ ಆಮ್ಲಜನಕ ಅಲ್ಲಿ ಸೇರಿಕೊಂಡು ಪಕ್ಕದ ಸರಪಳಿಯನ್ನೂ ಕೆಡಿಸುತ್ತದೆ. ಬಿಸಿ ಜಾಸ್ತಿ ಇದ್ದಷ್ಟೂ ಇದು ಬೇಗ ಬೇಗ ನಡೆಯುತ್ತದೆ, ಕಪ್ಪು ವಸ್ತು ಬಿಸಿಲಲ್ಲಿ ಎಷ್ಟು ಕಾಯುತ್ತದೆ ಅಂತ ಕೈಯಿಟ್ಟು ನೋಡಿದವರಿಗೆ ಗೊತ್ತು.

ಇದೆಲ್ಲ ಗೊತ್ತಿದ್ದೇ ಕಾರ್ಖಾನೆಯವರು ಪ್ಲಾಸ್ಟಿಕ್ಕಿನೊಳಗೇ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿಯಂಥ ಕಪ್ಪು ಪುಡಿ ಮತ್ತು ಯುವಿ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಕಾರ್ಬನ್ ಬ್ಲ್ಯಾಕ್ ಬರೀ ಬಣ್ಣ ಅಲ್ಲ, ಕಿರಣವನ್ನು ಮೇಲ್ಪದರದಲ್ಲೇ ಹೀರಿಕೊಂಡು ಒಳಕ್ಕೆ ಬಿಡದ ಕಾವಲು. ಅದಕ್ಕೇ ಹಾನಿಯೆಲ್ಲ ಮೇಲಿನ ತೆಳು ಪದರದಲ್ಲೇ ಆಗೋದು. ಆ ಪದರ ಗಟ್ಟಿಯಾಗಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಟಾಲ್ಕ್ ಹೊರಗೆ ಬರುತ್ತದೆ. ಬಿರುಕುಗಳು ಬೆಳಕನ್ನು ಎಲ್ಲಾ ಕಡೆ ಚದುರಿಸುತ್ತವೆ, ನಮಗೆ ಬೂದಿ ಬಣ್ಣ ಕಾಣುತ್ತದೆ. ಅಂದರೆ ಕಪ್ಪು ಎಲ್ಲಿಗೂ ಹೋಗಿಲ್ಲ, ಮುಚ್ಚಿಹೋಗಿದೆ. ಮಳೆಯಲ್ಲಿ ನೆನೆದಾಗ ಹಳೇ ಬಂಪರ್ ಇದ್ದಕ್ಕಿದ್ದಂತೆ ಹೊಸದಾಗಿ ಕಾಣೋದು ಇದಕ್ಕೇ: ನೀರು ಬಿರುಕು ತುಂಬಿತು, ಚದುರೋದು ನಿಂತಿತು. ಒಣಗಿದ ಕೂಡಲೇ ಮತ್ತೆ ಬೂದಿ. ಎಣ್ಣೆ, ಹೊಳಪಿಗೆ ಅಂತ ಸವರುವ ಸಿಲಿಕೋನ್ ಡ್ರೆಸ್ಸಿಂಗ್ ಮಾಡೋದೂ ಇದನ್ನೇ, ಸ್ವಲ್ಪ ನಿಧಾನವಾಗಿ ಒಣಗುತ್ತದೆ ಅಷ್ಟೇ ವ್ಯತ್ಯಾಸ.

ಹಾಗಾಗಿ ನನ್ನ ಮೊದಲ ಪರೀಕ್ಷೆ ನೀರು. ಒದ್ದೆ ಬಟ್ಟೆಯಿಂದ ಒರೆಸಿದಾಗ ಪೂರ್ತಿ ಕಪ್ಪಾಯಿತಾ, ಕೆಲಸ ಮಾಡಿದರೆ ಫಲ ಇದೆ. ಒದ್ದೆಯಾದರೂ ಬಿಳಿ ಗೆರೆ, ಬಿಳಿ ಮಚ್ಚೆ ಹಾಗೇ ಇದ್ದರೆ ಅದು ಬಹಳ ಸಲ ಬಿಸಿಲಿನದ್ದಲ್ಲ, ಪೇಂಟಿಗೆ ಹಚ್ಚಿದ ಪಾಲಿಶ್ ಪ್ಲಾಸ್ಟಿಕ್ಕಿನ ತರಿಯೊಳಗೆ ಹೋಗಿ ಒಣಗಿಕೊಂಡಿರೋದು. ಅದನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ತೆಗೆಯಬಹುದು, ಸುಮ್ನೆ ಅದರ ಮೇಲೆ ಏನೇನೋ ಬಳಿಯಬೇಡಿ. ಎರಡನೇ ಪರೀಕ್ಷೆ ಹೆಬ್ಬೆರಳು. ಒಣಗಿದ ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗಿ ಉಜ್ಜಿದಾಗ ಬೆರಳಿಗೆ ಪುಡಿ ಅಂಟಿದರೆ ಮೇಲ್ಪದರ ಸತ್ತಿದೆ ಅಂತ ಅರ್ಥ. ಆ ಪುಡಿ ಹೋಗುವ ತನಕ ಮೇಲೆ ಹಚ್ಚಿದ್ದು ಯಾವುದೂ ನಿಲ್ಲುವುದಿಲ್ಲ, ಯಾಕೆ ಅಂದರೆ ನೀವು ಹಚ್ಚುತ್ತಿರೋದು ಪ್ಲಾಸ್ಟಿಕ್ಕಿಗಲ್ಲ, ಪುಡಿಗೆ.

ತೊಳೆಯೋ ಕೆಲಸಕ್ಕೆ ನಾನು ಅರ್ಧ ದಿನ ಎತ್ತಿಡುತ್ತೇನೆ. ಗಾಡಿ ನೆರಳಲ್ಲಿ ತಣ್ಣಗಿರಬೇಕು. ಮೊದಲು ಮಾಮೂಲಿ ಶಾಂಪೂ, ಆಮೇಲೆ ನೀರು ಬೆರೆಸಿದ ಆಲ್ ಪರ್ಪಸ್ ಕ್ಲೀನರ್ ಸಿಂಪಡಿಸಿ, ಅದು ಒಣಗೋಕೆ ಬಿಡದೆ ಮಧ್ಯಮ ಗಡಸಿನ ನೈಲಾನ್ ಬ್ರಷ್ಷಿನಿಂದ ಸುತ್ತಿಸುತ್ತಾ ತಿಕ್ಕುತ್ತೇನೆ. ಕೌಲಿನ ಮೇಲೆ ಸಣ್ಣ ಸಣ್ಣ ತರಿ ಇರುತ್ತದಲ್ಲ, ಒಂದೇ ದಿಕ್ಕಿಗೆ ತಿಕ್ಕಿದರೆ ಪ್ರತಿ ತರಿಯ ಒಂದು ಬದಿ ಮಾತ್ರ ಶುಚಿಯಾಗುತ್ತದೆ, ಇನ್ನೊಂದು ಬದಿಯ ಕೊಳೆ ಹಾಗೇ ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ನೊರೆ ಕಂದು ಬಣ್ಣಕ್ಕೆ ಬಂತು, ಅದು ಧೂಳು. ಮುಂದಿನ ಸುತ್ತಿನಲ್ಲಿ ಬೂದಿ, ಅದು ಸತ್ತ ಪ್ಲಾಸ್ಟಿಕ್. ನೊರೆ ಬಿಳಿಯಾಗೇ ಉಳಿಯುವ ತನಕ ಬಿಡಲಿಲ್ಲ. ಪಕ್ಕದ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿರಬೇಕು, ಇಲ್ಲದಿದ್ದರೆ ಬ್ರಷ್ಷಿನ ಗೀರು ಬೀಳುತ್ತದೆ. ಕೊನೆಗೆ ತೊಳೆದು, ಸಂದುಗಳಲ್ಲಿ ನಿಂತ ನೀರನ್ನೆಲ್ಲ ಬ್ಲೋವರಿನಿಂದ ಹೊರಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿದೆ. ಹಳೇ ಸಿಲಿಕೋನ್ ಜಿಡ್ಡು ಸೋಪಿಗಿಂತ ಇದರಿಂದ ಚೆನ್ನಾಗಿ ಬಿಡುತ್ತದೆ. ಈ ಹಂತದಲ್ಲಿ ಪ್ಲಾಸ್ಟಿಕ್ ಮೊದಲಿಗಿಂತಲೂ ಬೆಳ್ಳಗೆ ಕಾಣುತ್ತದೆ. ಗಾಬರಿಯಾಗಬೇಡಿ, ಅದೇ ಅದರ ನಿಜವಾದ ಸ್ಥಿತಿ.

ಏನು ಹಚ್ಚೋದು ಅನ್ನೋದಕ್ಕೆ ಜನರ ಮಾತು ಕೇಳಿ ಸುಸ್ತಾಗಿ, ಕೌಲನ್ನೇ ಟೇಪ್ ಹಚ್ಚಿ ಮೂರು ಭಾಗ ಮಾಡಿದೆ. ಒಂದಕ್ಕೆ ನೀರಿನ ಆಧಾರದ ಸಿಲಿಕೋನ್ ಡ್ರೆಸ್ಸಿಂಗ್, ಮಧ್ಯದ್ದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಪ್ಲಾಸ್ಟಿಕ್ಕಿಗೆಂದೇ ಬರುವ ಸೆರಾಮಿಕ್ ಕೋಟಿಂಗ್, ಅಂದರೆ ಹಚ್ಚಿದ ಮೇಲೆ ಗಟ್ಟಿ ಪದರವಾಗುವ ದ್ರವ. ಮೊದಲ ದಿನ ಡ್ರೆಸ್ಸಿಂಗ್ ಹಚ್ಚಿದ ಭಾಗವೇ ಚಂದ ಕಂಡಿತು, ಇನ್ನೂ ಜಾಸ್ತಿ ಹೊಳೀತಿತ್ತು. ಕೆಲವೇ ವಾರದಲ್ಲಿ, ಒಂದೆರಡು ಜೋರು ಮಳೆ ಆದಮೇಲೆ, ಅದಕ್ಕೂ ಮಧ್ಯದ ಭಾಗಕ್ಕೂ ವ್ಯತ್ಯಾಸ ಹುಡುಕಬೇಕಾಯಿತು. ಮೇಲಾಗಿ ಅದಕ್ಕೆ ಧೂಳು ಹಿಡಿಯುತ್ತಿತ್ತು. ಕೋಟಿಂಗ್ ಹಾಕಿದ ಕಡೆ ತಿಂಗಳುಗಳ ನಂತರವೂ ಟೇಪಿನ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣುತ್ತಿತ್ತು, ಈ ಕಡೆ ಕಪ್ಪು, ಆ ಕಡೆ ಬೂದಿ. ಹಾಗಂತ ಡ್ರೆಸ್ಸಿಂಗ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಪ್ರತಿ ಸಲ ಗಾಡಿ ತೊಳೆದಾಗ ಐದು ನಿಮಿಷ ಒರೆಸುವ ತಾಳ್ಮೆ ಇರುವವರಿಗೆ ಅದು ಸಾಕು.

ಕೋಟಿಂಗ್ ಹಾಕುವಾಗ ಕೈಗವಸು ಹಾಕಿಕೊಳ್ಳಿ. ಚಿಕ್ಕ ಸ್ಪಂಜಿಗೆ ಕೆಲವೇ ಹನಿ ಹಾಕಿಕೊಂಡು ಅಂಗೈ ಅಗಲದಷ್ಟು ಜಾಗ ಮುಗಿಸಿ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಒಣ ಮೈಕ್ರೋಫೈಬರಿನಿಂದ ಒರೆಸಿ, ಆಮೇಲೆ ಮುಂದಿನ ಜಾಗ. ಹೆಚ್ಚಾದದ್ದನ್ನು ಒರೆಸದೆ ಬಿಟ್ಟರೆ ಗಟ್ಟಿಯಾಗಿ ಕಲೆ ನಿಲ್ಲುತ್ತದೆ, ತರಿಯಿರುವ ಪ್ಲಾಸ್ಟಿಕ್ಕಿನಿಂದ ಅದನ್ನು ತೆಗೆಯೋದು ತಲೆನೋವು. ಒಂದು ರಾತ್ರಿಯಾದರೂ ನೀರು, ಇಬ್ಬನಿ ತಾಗದ ಕಡೆ ಗಾಡಿ ನಿಲ್ಲಬೇಕು.

ಒಂದು ಮಾತು. ಇಂಥ ಬಾಟಲಿಗಳ ಮೇಲೆ ಯುವಿ ರಕ್ಷಣೆ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಯುವಿ ಹೀರುವ ರಾಸಾಯನಿಕ ಕೆಲಸ ಮಾಡಬೇಕಾದರೆ ಪದರಕ್ಕೆ ಒಂದಿಷ್ಟು ದಪ್ಪ ಬೇಕು, ಒರೆಸಿ ಬಿಟ್ಟ ತೆಳುವಾದ ಪದರದಿಂದ ಬಹಳ ನಿರೀಕ್ಷೆ ಮಾಡುವಂತಿಲ್ಲ. ನನ್ನ ಲೆಕ್ಕದಲ್ಲಿ ಕೋಟಿಂಗ್ ಮಾಡುವ ದೊಡ್ಡ ಉಪಕಾರ ಬಿರುಕು ತುಂಬಿ ಅಲ್ಲೇ ಗಟ್ಟಿಯಾಗಿ ಕೂರೋದು. ಬಿಸಿಲು ತಡೆಯೋದು ನೆರಳಿನ ಕೆಲಸ.

ಹೀಟ್ ಗನ್ ಬಗ್ಗೆ ಕೇಳದವರಿಲ್ಲ. ವಿಡಿಯೋದಲ್ಲಿ ನೋಡಲು ಜಾದೂ, ಬಿಸಿಗಾಳಿ ಹಾದು ಹೋದಂತೆಲ್ಲ ಕಪ್ಪು ಬರುತ್ತಾ ಹೋಗುತ್ತದೆ. ಆಗೋದು ಇಷ್ಟೇ, ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ. ತೀರಿಹೋದ ಯುವಿ ತಡೆ ಅದರಿಂದ ವಾಪಸ್ ಬರುವುದಿಲ್ಲ, ಆದ್ದರಿಂದ ಮತ್ತೆ ಬಿಳಿಯಾಗೋದು ಖಂಡಿತ. ಪಾಲಿಪ್ರೊಪಿಲೀನ್ ಕರಗೋದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ಕೈ ಒಂದು ಕ್ಷಣ ನಿಂತರೆ ತರಿ ಅಳಿಸಿ ನುಣುಪಾದ ಮಚ್ಚೆ ಬೀಳುತ್ತದೆ, ಅದು ಎಂದೂ ಹೋಗುವುದಿಲ್ಲ. ಬಿಚ್ಚಿ ಮೇಜಿನ ಮೇಲೆ ಇಟ್ಟ ಸಣ್ಣ ಭಾಗಕ್ಕೆ ನಾನು ಬಳಸಿದ್ದೇನೆ. ಪೇಂಟಿನ ಪಕ್ಕ, ಗಾಜಿನ ಪಕ್ಕ ಬೇಡವೇ ಬೇಡ.

ಕಪ್ಪು ಪೇಂಟ್ ಹೊಡೆಯೋದು ಕೊನೆಯ ದಾರಿ. ಈ ಪ್ಲಾಸ್ಟಿಕ್ಕಿಗೆ ಪೇಂಟ್ ಸುಲಭಕ್ಕೆ ಅಂಟುವುದಿಲ್ಲ, ಅಡಿಗೆ ಪೇಂಟ್ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರೊಮೋಟರ್ ಹೊಡೆಯಲೇಬೇಕು. ಚಕ್ರದ ಬಳಿ ಕಲ್ಲೇಟು ಬಿದ್ದು ಪೇಂಟ್ ಎದ್ದರೆ ಮೊದಲಿದ್ದ ಬೂದಿ ಬಣ್ಣವೇ ವಾಸಿ ಅನ್ನಿಸುತ್ತದೆ. ಕಿಟಕಿ ಮಧ್ಯದ ಕಂಬದ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇದ್ದರೆ ಅದು ಬೇರೆ ಜಾತಿ, ಅದಕ್ಕೆ ಬ್ರಷ್ ಮುಟ್ಟಿಸಲೇಬೇಡಿ.

ಈಗ ನಾನು ಗಾಡಿಯನ್ನು ಒಂದು ದಿನ ಬಿಟ್ಟು ಒಂದು ದಿನ ಹಿಂದುಮುಂದು ಮಾಡಿ ನಿಲ್ಲಿಸುತ್ತೇನೆ, ಬಿಸಿಲು ಎರಡೂ ಬದಿಗೆ ಹಂಚಿಹೋಗಲಿ ಅಂತ. ಮರದ ನೆರಳಲ್ಲೂ ಆಕಾಶದಿಂದ ಚದುರಿದ ಯುವಿ ಬರುತ್ತದೆ, ಆದರೂ ನೇರ ಬಿಸಿಲಿಗಿಂತ ಎಷ್ಟೋ ಮೇಲು, ಕಾವು ಕಡಿಮೆ ಅನ್ನೋದೇ ದೊಡ್ಡ ಲಾಭ. ಬಟ್ಟೆಯ ಕವರ್ ಒಳ್ಳೇದೇ, ಗಾಡಿ ತೊಳೆದಿದ್ದರೆ ಮಾತ್ರ. ಧೂಳಿನ ಮೇಲೆ ಹೊದಿಸಿದರೆ ಗಾಳಿಗೆ ಅಲ್ಲಾಡಿ ಪೇಂಟನ್ನು ಉಜ್ಜುತ್ತದೆ.

ಕೌಲ್ ಮೇಲೆ ಕಣ್ಣಿಗೇ ಕಾಣುವಷ್ಟು ಬಿರುಕು ಬಂದಿದ್ದರೆ, ಒತ್ತಿದಾಗ ಚಿಟಕ್ ಅನ್ನುತ್ತಿದ್ದರೆ ಇದ್ಯಾವುದಕ್ಕೂ ಸಮಯ ಹಾಳು ಮಾಡದೆ ಹೊಸದು ತರಿಸಿ. ಗಾಡಿಗೆ ಕೂರಿಸುವ ಮುಂಚೆಯೇ ಆಲ್ಕೋಹಾಲಿನಿಂದ ಒರೆಸಿ ಕೋಟಿಂಗ್ ಹಾಕಿಬಿಡಿ, ಬಿಚ್ಚಿಟ್ಟ ಭಾಗಕ್ಕೆ ಟೇಪ್ ಹಚ್ಚುವ ಕಷ್ಟವೂ ಇಲ್ಲ. ಕ್ಲಿಪ್ಪುಗಳನ್ನೂ ಜೊತೆಗೇ ತರಿಸಿ. ಬಿಸಿಲಿಗೆ ಕಾದು ಕಾದು ಪೆಡಸಾದ ಹಳೇ ಕ್ಲಿಪ್ ಬಿಚ್ಚುವಾಗಲೇ ಮುರಿಯುತ್ತವೆ.