ಕಾಲಿನ್ ಆರ್ಚರ್ ಪರಂಪರೆಯ ಮರದ ಹಾಯಿದೋಣಿಯನ್ನು ಪರೀಕ್ಷಿಸುವ ಕ್ರಮ

ನಾರ್ವೆಯ ಲಾರ್ವಿಕ್‌ನ ಕಾಲಿನ್ ಆರ್ಚರ್ (1832–1921) ಅವರು ನಾನ್ಸೆನ್ ಅವರ ಧ್ರುವಯಾನಕ್ಕೆ ‘ಫ್ರಾಮ್’ ಹಡಗನ್ನು ಕಟ್ಟಿದವರೆಂದು ಪ್ರಸಿದ್ಧರಾದರೂ, ಹಿಂದೂ ಮುಂದೂ ಚೂಪಾದ, ಬಿರುಗಾಳಿಗೆ ಅಂಜದ ಅವರ ಪೈಲಟ್ ದೋಣಿ (ಹಡಗುಗಳಿಗೆ ಬಂದರಿನ ದಾರಿ ತೋರುವವರನ್ನು ಒಯ್ಯುವ ದೋಣಿ) ಮತ್ತು ರಕ್ಷಣಾ ದೋಣಿಗಳ ವಿನ್ಯಾಸವೇ ಅವರ ದೊಡ್ಡ ಕೊಡುಗೆಯೆಂದು ನಾನು ನಂಬಿದ್ದೇನೆ. 1968–69ರಲ್ಲಿ ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬಂಟಿಯಾಗಿ, ಎಲ್ಲಿಯೂ ತಂಗದೆ, 312 ದಿನಗಳಲ್ಲಿ ಭೂಮಿಯನ್ನು ಸುತ್ತಿದ ‘ಸುಹೈಲಿ’ ದೋಣಿಯೂ ಇದೇ ವಂಶದ್ದು, ಅದನ್ನು ತೇಗದ ಮರದಿಂದ ಕಟ್ಟಿದ್ದು ಬೊಂಬಾಯಿಯಲ್ಲಿ.

ಇಂತಹ ದೋಣಿಯನ್ನು ಕೊಳ್ಳುವ ಮುನ್ನ, ಮಳೆನೀರು ನಿಲ್ಲುವ ಜಾಗಗಳನ್ನು ಮೊದಲು ಹುಡುಕಬೇಕು. ಮರವನ್ನು ಕೊಳೆಸುವುದು ಕಡಲಿನ ಉಪ್ಪುನೀರಿಗಿಂತ ಹೆಚ್ಚಾಗಿ ಮೇಲಿನಿಂದ ಸೋರುವ ಸಿಹಿನೀರು. ಆದ್ದರಿಂದ ಡೆಕ್ಕಿನ ಅಂಚು, ಹಾಯಿಕಂಬದ ಬುಡ ಮತ್ತು ಗಾಳಿಯಾಡದ ಮೂಲೆಗಳನ್ನು ಬಿಡದೆ ನೋಡಬೇಕು. ಸಣ್ಣ ಕೊಡತಿಯಿಂದ ಹಲಗೆಯನ್ನು ಅಂಗೈಯಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋದರೆ, ಗಟ್ಟಿ ಮರ ಕೊಡತಿಯನ್ನು ಹಿಂದಕ್ಕೆ ಪುಟಿಸಿ ಸ್ಪಷ್ಟವಾಗಿ ದನಿಗೊಡುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಮಾಲೀಕರ ಒಪ್ಪಿಗೆ ಪಡೆದು ದಬ್ಬಳದಿಂದ ಚುಚ್ಚಬೇಕು. ಹೊಸ ಬಣ್ಣದ ಹೊಳಪನ್ನು ನಂಬಬಾರದು.

ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣವನ್ನು ತಿನ್ನುತ್ತದೆ. ಮೊಳೆಯ ಸುತ್ತ ಕಪ್ಪು ಕಲೆಯೋ ತುಕ್ಕಿನ ಗೆರೆಯೋ ಕಂಡರೆ ಒಂದೆರಡು ಮೊಳೆಗಳನ್ನು ಕಿತ್ತು ನೋಡಬೇಕು. ದೋಣಿಯ ತಳದ ಬೆನ್ನೆಲುಬಾದ ಕೀಲ್‌ನ ಬೋಲ್ಟ್‌ಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಕೀಲ್‌ಗೆ ತಾಗಿದ ಮೊದಲ ಹಲಗೆಯ ಸಂದಿಗೆ ಹೆಚ್ಚು ಸಮಯ ಕೊಡಬೇಕು. ‘ಸುಹೈಲಿ’ ಅಟ್ಲಾಂಟಿಕ್‌ನಲ್ಲಿ ಸೋರತೊಡಗಿದ್ದೂ ಅಲ್ಲಿಯೇ. ನಾಕ್ಸ್-ಜಾನ್‌ಸ್ಟನ್ ನಡುಗಡಲಿನಲ್ಲಿ ನೀರಿಗಿಳಿದು, ಸಂದಿಗೆ ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಮತ್ತು ತಾಮ್ರದ ಪಟ್ಟಿಯನ್ನು ಹೊಡೆದರು. ನೀವು ದುರಸ್ತಿ ಮಾಡುವಾಗಲೂ ಹತ್ತಿಯ ನೂಲು ಮತ್ತು ಮೃದುವಾದ ಪುಟ್ಟಿಯನ್ನೇ ಬಳಸಿ. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ತುಂಬಿದರೆ, ಹಲಗೆ ನೀರು ಕುಡಿದು ಉಬ್ಬಿದಾಗ ಅದಕ್ಕೆ ಜಾಗವಿಲ್ಲದೆ ಮೊಳೆಗಳು ಸಡಿಲವಾಗುತ್ತವೆ ಅಥವಾ ಪಕ್ಕೆಮರಗಳೇ ಬಿರಿಯುತ್ತವೆ.

ಹಲಗೆಯನ್ನು ಬದಲಿಸಬೇಕಾದಲ್ಲಿ ಹಳೆಯದನ್ನು ಎಸೆಯದೆ ಅಚ್ಚಾಗಿ ಇಟ್ಟುಕೊಳ್ಳಿ, ಅದರ ದಪ್ಪ, ಬಾಗು ಮತ್ತು ಮೊಳೆಗಳ ಅಂತರವನ್ನು ಬರೆದಿಡಿ. ಕಟ್ಟಿದವರ ಕೈಯ ಲೆಕ್ಕ ಉಳಿದಿರುವುದು ಆ ತುಂಡಿನಲ್ಲೇ. ದಡದಲ್ಲಿ ಬಹುಕಾಲ ಒಣಗಿದ ದೋಣಿಯನ್ನು ಮತ್ತೆ ನೀರಿಗಿಳಿಸಿದಾಗ ಅದು ಸೋರುವುದು ಸಹಜ. ಹಲಗೆಗಳು ಉಬ್ಬಿ ಸಂದುಗಳು ಮುಚ್ಚಿಕೊಳ್ಳುವವರೆಗೆ ಅದನ್ನು ಕ್ರೇನಿನ ಪಟ್ಟಿಗಳಲ್ಲೇ ತೂಗಿಟ್ಟು, ಪಂಪ್ ಹಚ್ಚಿ, ರಾತ್ರಿಯೂ ಒಬ್ಬರು ಕಾವಲಿರಬೇಕು.