ಗ್ರೌಲರ್ ಕೊಳ್ಳುವಾಗ ಮೊದಲು ಮುಚ್ಚಳ ನೋಡಿ

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋ ಊರಲ್ಲಿ. ಚಿಪ್ ಕಂಪನಿ ಕೆಲಸಕ್ಕೆ ಬಂದ ಕನ್ನಡದವರು ಇಲ್ಲಿ ಸಾಕಷ್ಟು ಜನ ಇದ್ದೇವೆ. ಹೊಸದಾಗಿ ಬಂದವರಲ್ಲಿ ಬಿಯರ್ ಇಷ್ಟಪಡುವವರು ಬೇಗನೇ ಈ ಪ್ರಶ್ನೆ ಕೇಳುತ್ತಾರೆ: ಗ್ರೌಲರ್ ಯಾವುದು ತಗೊಳ್ಳಲಿ? ನನ್ನ ಉತ್ತರ ಯಾವಾಗಲೂ ಒಂದೇ. ಕಂದು ಗಾಜಿನದು, ಚಿಕ್ಕದು, ಮುಚ್ಚಳ ಬಿಗಿಯಾಗಿ ಕೂರುವಂಥದ್ದು. ದುಬಾರಿ ಜಗ್ಗಿಗಿಂತ ಚೆನ್ನಾಗಿ ತೊಳೆದ ಅಗ್ಗದ ಜಗ್ಗೇ ಮೇಲು.

ಗ್ರೌಲರ್ ಎಂದರೆ ಬ್ರೂವರಿಯ ನಲ್ಲಿಯಿಂದಲೇ ಬಿಯರ್ ತುಂಬಿಸಿಕೊಂಡು ಮನೆಗೆ ತರುವ ಜಗ್ಗು. ಖಾಲಿಯಾದ ಮೇಲೆ ತೊಳೆದು ಮತ್ತೆ ಒಯ್ಯುತ್ತೇವೆ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿನವರು ತಗಡಿನ ಬಕೆಟ್ಟಿನಲ್ಲಿ ಹೀಗೇ ಬಿಯರ್ ತರುತ್ತಿದ್ದರು. ಈಗಿನ ಗಾಜಿನ ಜಗ್ಗನ್ನು 1989ರಲ್ಲಿ ಶುರುಮಾಡಿದ್ದು ವಯೋಮಿಂಗ್ ರಾಜ್ಯದ ವಿಲ್ಸನ್ ಎಂಬ ಸಣ್ಣ ಊರಿನ ಆಟೋ ಬ್ರದರ್ಸ್ ಬ್ರೂವರಿ. ಬಾಟಲಿ ತುಂಬುವ ಏರ್ಪಾಡು ಅವರಿಗೆ ಇನ್ನೂ ಇರಲಿಲ್ಲ. ಮನೆಗೆ ಬಿಯರ್ ಬೇಕೆಂದವರಿಗೆ ಅರ್ಧ ಗ್ಯಾಲನ್ ಜಗ್ಗಿನಲ್ಲಿ ಕೊಟ್ಟರು. ಆ ಅಳತೆಯೇ ಉಳಿದುಬಂತು: 64 ಔನ್ಸ್, ಅಂದರೆ ಸುಮಾರು 1.9 ಲೀಟರ್. ಅದರ ಅರ್ಧದ್ದು 32 ಔನ್ಸ್, ಸುಮಾರು 950 ಮಿಲಿ.

ಮನೆಯಲ್ಲಿ ಒಬ್ಬರು ಇಬ್ಬರು ಕುಡಿಯುವವರಾದರೆ 32 ಔನ್ಸಿನದೇ ಸಾಕು. ಒಮ್ಮೆ ಮುಚ್ಚಳ ತೆಗೆದರೆ ಗಾಳಿ ಒಳಗೆ ಹೋಗುತ್ತದೆ, ಗ್ಯಾಸ್ ಹೊರಗೆ ಬರುತ್ತದೆ. ಮಾರನೇ ದಿನ ಸಂಜೆಗೆ ಆ ಬಿಯರ್ ಸಪ್ಪೆ. ದೊಡ್ಡ ಜಗ್ಗು ತಂದು ಅರ್ಧ ಉಳಿಸುವುದಕ್ಕಿಂತ ಚಿಕ್ಕದು ಎರಡು ತರುವುದು ಒಳ್ಳೆಯದು. ಒಂದು ತೆರೆದರೂ ಇನ್ನೊಂದು ಮುಚ್ಚಿಯೇ ಇರುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಪಾರದರ್ಶಕ ಗಾಜು ಎಷ್ಟೇ ಚೆಂದ ಕಂಡರೂ ಬೇಡ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವಿನ ಅಂಶ ಬೆಳಕಿಗೆ ಸಿಕ್ಕಿದರೆ ಒಡೆದು ಗಂಧಕ ಬೆರೆತ ಕೆಟ್ಟ ವಾಸನೆ ಹುಟ್ಟುತ್ತದೆ. ಬಿಸಿಲಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ಆ ಬೆಳಕಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ. ಸ್ಟೀಲ್ ಪೂರ್ತಿ ತಡೆಯುತ್ತದೆ, ಎರಡು ಪದರದ್ದಾದರೆ ತಂಪನ್ನೂ ಹಿಡಿದಿಡುತ್ತದೆ. ಕ್ಯಾಂಪಿಂಗ್‌ಗೆ, ನದಿ ದಂಡೆಗೆ ಹೋಗುವವರು ಸ್ಟೀಲ್ ತಗೊಳ್ಳಿ. ಇಲ್ಲೇ ಒರೆಗಾನ್‌ನ ಬೆಂಡ್ ಊರಲ್ಲಿ ಶುರುವಾದ ಹೈಡ್ರೋ ಫ್ಲಾಸ್ಕ್, ಡ್ರಿಂಕ್‌ಟ್ಯಾಂಕ್ಸ್ ಎರಡೂ ಇಂಥದ್ದನ್ನು ಮಾಡಿವೆ. ಆದರೆ ಸ್ಟೀಲಿನ ಒಳಗೆ ಏನು ಅಂಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಇಣುಕಬೇಕು. ಗಾಜಿನಲ್ಲಿ ಆ ಕಷ್ಟವಿಲ್ಲ. ಗ್ಯಾಸ್ ಕಾರ್ಟ್ರಿಜ್ ಹಾಕುವ ಜಗ್ಗೂ ಇದೆ, ಪೋರ್ಟ್‌ಲ್ಯಾಂಡಿನ ಗ್ರೌಲರ್‌ವರ್ಕ್ಸ್‌ನವರ ಯುಕೆಗ್ ಥರದ್ದು. ಅದು ಒಳಗೆ ಒತ್ತಡ ಕಾಯುವುದರಿಂದ ಬಿಯರ್ ಜಾಸ್ತಿ ದಿನ ನಿಲ್ಲುತ್ತದೆ. ಬೆಲೆಯೂ ಜಾಸ್ತಿ, ಬಿಚ್ಚಿ ತೊಳೆಯಬೇಕಾದ ಭಾಗಗಳೂ ಜಾಸ್ತಿ. ಅಷ್ಟು ತಾಳ್ಮೆ ಇದ್ದರೆ ಮಾತ್ರ ತಗೊಳ್ಳಿ.

ಈಗ ಮುಚ್ಚಳ. ಜಗ್ಗು ಎಷ್ಟೇ ಚೆನ್ನಾಗಿದ್ದರೂ ಗ್ಯಾಸ್ ಸೋರುವುದು ಇಲ್ಲಿಂದಲೇ. ತಿರುಗಿಸುವ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಕೋನ್ ಆಕಾರದ ಮೆತ್ತನೆ ಪದರ ಇದ್ದರೆ ಒಳ್ಳೆಯದು, ಅದು ಗಾಜಿನ ಬಾಯಿಗೆ ಒತ್ತಿ ಕೂರುತ್ತದೆ. ಒಳಗೆ ತೆಳು ಕಾಗದದಂಥ ಪದರವಿರುವ ತಗಡಿನ ಮುಚ್ಚಳವನ್ನು ಒಂದು ಸಲಕ್ಕಿಂತ ಹೆಚ್ಚು ನಂಬಬೇಡಿ. ಕ್ಲಿಪ್ ಹಾಕಿ ಮುಚ್ಚುವಂಥದ್ದಾದರೆ ರಬ್ಬರ್ ಉಂಗುರ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ, ಸೀಳಿದ್ದರೆ ಬದಲಾಯಿಸಿ. ಪರೀಕ್ಷೆ ಸುಲಭ: ನೀರು ತುಂಬಿ, ಮುಚ್ಚಿ, ತಲೆಕೆಳಗೆ ಮಾಡಿ ಟಿಶ್ಯೂ ಮೇಲೆ ಇಡಿ. ಸ್ವಲ್ಪ ಹೊತ್ತಿನ ಮೇಲೆ ಟಿಶ್ಯೂ ಒದ್ದೆಯಾಗಿದ್ದರೆ ಆ ಮುಚ್ಚಳಕ್ಕೆ ವಿದಾಯ ಹೇಳಿ.

ತೊಳೆಯುವ ಕೆಲಸದ ಮೊದಲ ನಿಯಮ, ಕೊನೆಯ ಗ್ಲಾಸ್ ಸುರಿದ ತಕ್ಷಣ ತೊಳೆಯಬೇಕು. ಬೆಳಿಗ್ಗೆಗೆ ಬಿಡಬೇಡಿ. ಉಳಿದ ಹನಿ ಒಣಗಿದರೆ ತಳದಲ್ಲಿ ಅಂಟು ಕಟ್ಟುತ್ತದೆ, ಮುಚ್ಚಿಟ್ಟಿದ್ದರೆ ಬೂಷ್ಟು ಹಿಡಿಯುತ್ತದೆ. ಆ ರಾತ್ರಿಯೇ ಬೆಚ್ಚಗಿನ ನೀರು ಹಾಕಿ, ಕುಲುಕಿ, ಚೆಲ್ಲಿ, ಹೀಗೆ ಮೂರು ಸಲ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಫ್ರಿಜ್ಜಿನಿಂದ ಆಗ ತಾನೇ ತೆಗೆದ ಗಾಜಿಗೆ ಕುದಿಯುವ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ನಮ್ಮ ಅಡುಗೆಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ. ಒಗ್ಗರಣೆ ಬಾಣಲೆ ಉಜ್ಜಿದ ಸ್ಪಂಜನ್ನು ಗ್ರೌಲರ್ ಹತ್ತಿರ ತರಬೇಡಿ. ಎಣ್ಣೆಯ ತೆಳು ಪದರ ಸಾಕು, ಬಿಯರಿನ ನೊರೆ ಕುಸಿದುಬಿಡುತ್ತದೆ. ಪಾತ್ರೆ ತೊಳೆಯುವ ಸೋಪೂ ಬೇಡ. ಅದರ ವಾಸನೆ ಗಾಜಿಗಿಂತ ಮುಚ್ಚಳದ ರಬ್ಬರಿನಲ್ಲಿ ಉಳಿದು ಮುಂದಿನ ಬಿಯರಿಗೆ ಸೇರುತ್ತದೆ, ನೊರೆಯನ್ನೂ ಹಾಳುಮಾಡುತ್ತದೆ. ಬಾಟಲಿ ಬ್ರಷ್ ಒಂದನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ. ಹಾಗೆಯೇ, ಖಾಲಿ ಜಗ್ಗು ಚೆನ್ನಾಗಿದೆ ಅಂತ ಮಜ್ಜಿಗೆ ತುಂಬಿಡಬೇಡಿ. ಜಿಡ್ಡು, ವಾಸನೆ ಎರಡೂ ಉಳಿಯುತ್ತವೆ.

ನೀರಿನಿಂದ ಹೋಗದ ಕೊಳೆಗೆ ಮನೆಯಲ್ಲೇ ಬಿಯರ್ ಮಾಡುವವರು ಬಳಸುವ ಪಿಬಿಡಬ್ಲ್ಯು ಪುಡಿ ಇದೆ. ಅದು ಸಿಗದಿದ್ದರೆ ಪರಿಮಳವಿಲ್ಲದ ಆಕ್ಸಿಕ್ಲೀನ್. ಎರಡೂ ನೀರಿಗೆ ಬಿದ್ದಾಗ ಆಮ್ಲಜನಕ ಬಿಟ್ಟು ಕೊಳೆ ಎಬ್ಬಿಸುತ್ತವೆ. 64 ಔನ್ಸ್ ಜಗ್ಗಿಗೆ ಒಂದು ದೊಡ್ಡ ಚಮಚ ಪುಡಿ, ಕೈ ತಾಳುವಷ್ಟು ಬಿಸಿ ನೀರು, ರಾತ್ರಿಯಿಡೀ ನೆನೆಸಿ. ನೆನೆಯುವಾಗ ಮುಚ್ಚಳ ಹಾಕಲೇಬೇಡಿ, ಒಳಗೆ ಗ್ಯಾಸ್ ತುಂಬಿ ಒತ್ತಡ ಏರುತ್ತದೆ. ಬೆಳಿಗ್ಗೆ ಜಾರುವ ಭಾವ ಹೋಗುವವರೆಗೂ ಗಲಬರಿಸಿ. ಬ್ರಷ್ ತಲುಪದ ಮೂಲೆಗೆ ನಮ್ಮೂರಿನ ಉಪಾಯ ಒಂದು ಹಿಡಿ ಅಕ್ಕಿ: ಸ್ವಲ್ಪ ನೀರಿನ ಜೊತೆ ಹಾಕಿ ಜೋರಾಗಿ ಕುಲುಕಿ. ಗಾಜಿನ ಜಗ್ಗಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟೀಲಿನದಾದರೆ ಬ್ಲೀಚ್ ಮಾತ್ರ ಬೇಡ, ಅದರಲ್ಲಿನ ಕ್ಲೋರಿನ್ ಸ್ಟೀಲಿನಲ್ಲಿ ಸಣ್ಣ ಗುಂಡಿ ತೋಡುತ್ತದೆ.

ಎರಡು ಮೂರು ದಿನದಲ್ಲಿ ಕುಡಿದು ಮುಗಿಸುವವರಿಗೆ ಇಷ್ಟು ಸಾಕು. ಇನ್ನೂ ಕೆಲವು ದಿನ ಇಡಬೇಕೆಂದಿದ್ದರೆ ಕ್ರಿಮಿ ಕೊಲ್ಲುವ ಸ್ಟಾರ್ ಸ್ಯಾನ್ ದ್ರಾವಣ ಹಾಕಿ ಕುಲುಕುತ್ತೇನೆ. ಲೀಟರ್ ನೀರಿಗೆ ಒಂದೂವರೆ ಮಿಲಿ, ಎರಡು ನಿಮಿಷ, ಆಮೇಲೆ ಬಗ್ಗಿಸಿ ಚೆಲ್ಲಿದರಾಯಿತು. ಉಳಿದ ನೊರೆ ತೊಳೆಯಬೇಕಿಲ್ಲ. ಕೊನೆಗೆ ಜಗ್ಗನ್ನು ತಲೆಕೆಳಗೆ ಮಾಡಿ, ಕೆಳಗಿನಿಂದ ಗಾಳಿಯಾಡುವಂತೆ ಸ್ಟ್ಯಾಂಡಿನಲ್ಲಿ ಒಣಗಿಸಿ. ಮುಚ್ಚಳ ಬೇರೆ, ಜಗ್ಗು ಬೇರೆ ಇಡಿ. ಒದ್ದೆ ಜಗ್ಗಿಗೆ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟರೆ ಅಷ್ಟೂ ಶ್ರಮ ವ್ಯರ್ಥ.

ತುಂಬಿಸಲು ಹೋಗುವ ಮುನ್ನ ನಿಮ್ಮ ರಾಜ್ಯದ ನಿಯಮ ತಿಳಿದುಕೊಳ್ಳಿ. ಒರೆಗಾನ್‌ನಲ್ಲಿ ನಮ್ಮದೇ ಜಗ್ಗು ಒಯ್ಯಬಹುದು, ಎರಡು ಗ್ಯಾಲನ್ ಮೀರಬಾರದು, ಮುಚ್ಚಳ ಭದ್ರವಾಗಿರಬೇಕು. ಎಲ್ಲ ಕಡೆ ಹೀಗಿಲ್ಲ. ಫ್ಲೋರಿಡಾದಲ್ಲಿ 2015ರವರೆಗೆ 32 ಔನ್ಸಿಗೂ 128 ಔನ್ಸಿಗೂ ಅನುಮತಿ ಇತ್ತು, ದೇಶವೆಲ್ಲ ಬಳಸುವ 64 ಔನ್ಸಿಗೆ ಮಾತ್ರ ಇರಲಿಲ್ಲ! ಕೆಲವು ಬ್ರೂವರಿಗಳು ಬೇರೆ ಬ್ರೂವರಿಯ ಹೆಸರಿರುವ ಜಗ್ಗು ತುಂಬುವುದಿಲ್ಲ, ಫೋನ್ ಮಾಡಿ ಕೇಳಿ.

ಕೌಂಟರಿನಲ್ಲಿ ನಿಂತು ಸುಮ್ನೆ ಮೊಬೈಲ್ ನೋಡಬೇಡಿ, ತುಂಬುವುದನ್ನು ನೋಡಿ. ಒಳ್ಳೆಯ ಕಡೆ ಮೊದಲು ಜಗ್ಗಿಗೆ ತಣ್ಣೀರು ಹಾಯಿಸುತ್ತಾರೆ, ಬೆಚ್ಚಗಿನ ಗಾಜಿನಲ್ಲಿ ಬರೀ ನೊರೆ ಏಳುತ್ತದೆ ಅಂತ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಗಾಳಿ ಹೊರದೂಡುತ್ತಾರೆ. ನಲ್ಲಿಗೆ ಸಿಕ್ಕಿಸಿದ ಕೊಳವೆ ಜಗ್ಗಿನ ತಳ ಮುಟ್ಟಬೇಕು, ಬಿಯರ್ ಕೆಳಗಿನಿಂದ ಮೇಲೆ ಬರಬೇಕು. ಕೊನೆಯಲ್ಲಿ ನೊರೆ ಬಾಯಿಗೆ ಬಂದಾಗ ಅದರ ಮೇಲೆಯೇ ಮುಚ್ಚಳ ತಿರುಗಿಸಬೇಕು, ಗಾಳಿಗೆ ಜಾಗ ಸಿಗಬಾರದು. ಕೊಳವೆ ಇಲ್ಲದೆ ಮೇಲಿನಿಂದ ಸುರಿಯುತ್ತಿದ್ದರೆ 'ಟ್ಯೂಬ್ ಹಾಕ್ತೀರಾ?' ಅಂತ ನಯವಾಗಿ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒತ್ತಡದಲ್ಲಿ ತುಂಬುವ ಯಂತ್ರ ಇರುವ ಕಡೆ ತುಂಬಿಸಿದ್ದು ಎಲ್ಲಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಯಾವ ಬಿಯರ್ ತುಂಬಿಸುತ್ತೀರಿ ಎನ್ನುವುದೂ ಮುಖ್ಯ. ಈ ಕಡೆ ಎಲ್ಲರಿಗೂ ಇಷ್ಟವಾದ, ಹಾಪ್ಸ್ ಜಾಸ್ತಿ ಹಾಕಿದ ಮಬ್ಬು ಐಪಿಎಗೆ ಗಾಳಿ ತಾಗಿದರೆ ಬಣ್ಣ ಮಂಕಾಗುತ್ತದೆ, ಹಾಪ್ಸ್ ಘಮ ಹೋಗುತ್ತದೆ. ತಂದ ದಿನವೇ ಕುಡಿಯಿರಿ. ಕಪ್ಪು ಬಣ್ಣದ ಗಟ್ಟಿ ಬಿಯರ್‌ಗಳಾದ ಸ್ಟೌಟ್, ಪೋರ್ಟರ್ ಸ್ವಲ್ಪ ತಡೆದುಕೊಳ್ಳುತ್ತವೆ. ನೈಟ್ರೋ, ಅಂದರೆ ನೈಟ್ರೋಜನ್ ಬೆರೆಸಿದ ಬಿಯರ್ ಗ್ರೌಲರಿಗೆ ಬೇಡ. ಅದರ ಕೆನೆ ನೊರೆ ಬರುವುದು ಆ ನಲ್ಲಿಯಿಂದ, ಮನೆಯಲ್ಲಿ ಬಗ್ಗಿಸಿದರೆ ಬರುವುದಿಲ್ಲ.

ದಾರಿಯಲ್ಲಿ ಐಸ್ ಬಾಕ್ಸ್, ಅದೂ ಡಿಕ್ಕಿಯಲ್ಲಿ. ಒಂದು ಕಾರಣ ಕಾನೂನು: ತೆರೆದ ಬಾಟಲಿ ಸೀಟಿನ ಹತ್ತಿರ ಇರಬಾರದು, ಮುಚ್ಚಿದ ಗ್ರೌಲರನ್ನೂ ಹಿಂದೆ ಇಡುವುದೇ ಕ್ಷೇಮ. ಇನ್ನೊಂದು ಒತ್ತಡ. ಸಾಮಾನ್ಯ ಬಿಯರ್ 3 ಡಿಗ್ರಿ ತಂಪಿನಲ್ಲಿ ಸುಮಾರು 11 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿದ್ದರೆ, 21 ಡಿಗ್ರಿಗೆ ಅದು 28ರ ಹತ್ತಿರ ಹೋಗುತ್ತದೆ. ಸಾಮಾನ್ಯ ಗಾಜಿನ ಜಗ್ಗು ಅಂಥ ಒತ್ತಡಕ್ಕೆ ಮಾಡಿದ್ದಲ್ಲ. ಬೆಂಡ್‌ನಿಂದ ನಮ್ಮನೆಗೆ ಬೆಟ್ಟ ದಾಟಿ ಮೂರು ಗಂಟೆಗೂ ಜಾಸ್ತಿ ದಾರಿ, ಬೇಸಿಗೆಯಲ್ಲಿ ಐಸ್ ಇಲ್ಲದೆ ತರುವ ಮಾತೇ ಇಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೂ ಪಾರ್ಸೆಲ್ ಕೊಡಲು ಅನುಮತಿ ಸಿಕ್ಕಿತ್ತು. ಆಗ ಅಲ್ಲಿನ ಗೆಳೆಯರಿಗೂ ಇದನ್ನೇ ಹೇಳಿದ್ದೆ: ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬೇಗ ತಣ್ಣಗಾಗಲಿ ಅಂತ ಫ್ರೀಜರಿನಲ್ಲೂ ಇಡಬೇಡಿ. ಹೆಪ್ಪುಗಟ್ಟಿ ಹಿಗ್ಗಿದರೆ ಗಾಜು ಒಡೆಯುತ್ತದೆ.

ಮನೆಯಲ್ಲಿ ಫ್ರಿಜ್ಜಿನ ಒಳಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಬಾಗಿಲಲ್ಲಿ ಬೇಡ. ನಲ್ಲಿಯಿಂದ ತುಂಬಿದ್ದು ಮುಚ್ಚಿದಂತೆ ಮೂರರಿಂದ ಐದು ದಿನ ಚೆನ್ನಾಗಿರುತ್ತದೆ. ಮುಚ್ಚಳಕ್ಕೆ ಟೇಪ್ ಅಂಟಿಸಿ ಬಿಯರ್ ಹೆಸರು, ತುಂಬಿಸಿದ ದಿನ ಬರೆದಿಡಿ. ಪ್ರತಿ ಸಲ ತೊಳೆದಾಗ ಬಾಯಿಯ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ. ಸಣ್ಣ ಚಕ್ಕೆ ಎದ್ದಿದ್ದರೂ, ಕೂದಲೆಳೆ ಬಿರುಕು ಕಂಡರೂ ಅದನ್ನು ಮತ್ತೆ ತುಂಬಿಸಬೇಡಿ. ಗಾಜಿನ ಮರುಬಳಕೆ ಡಬ್ಬಕ್ಕೆ ಹಾಕಿ, ಕೆಲವೇ ಡಾಲರಿಗೆ ಹೊಸ ಜಗ್ಗು ಸಿಗುತ್ತದೆ.