ಡ್ಯಾಶ್‌ಬೋರ್ಡಿನ ತೂತು: ಕಾರು ಮಾರುವ ಮುನ್ನ ಮನೆಯಲ್ಲೇ ಮುಚ್ಚುವ ಬಗೆ

ನಮ್ಮ ಮೈಸೂರು ಕಡೆ ಹೊಸ ಕಾರು ಬಂದರೆ ಮೊದಲ ಸವಾರಿ ಚಾಮುಂಡಿ ಬೆಟ್ಟಕ್ಕೆ. ಪೂಜೆ ಮುಗಿಸಿ ಇಳಿದ ವಾರದೊಳಗೆ ಡ್ಯಾಶ್‌ಬೋರ್ಡಿನ ಮೇಲೆ ತಾಯಿಯೋ ಗಣಪತಿಯೋ ಕೂತಾಗಿರುತ್ತದೆ. ಅಂಟು ಬಿಸಿಲಿಗೆ ಬಿಡುತ್ತದೆಂದು ಕೆಲವರು ಸ್ಕ್ರೂ ಹೊಡೆಯುತ್ತಾರೆ. ಆಮೇಲೆ ಮೊಬೈಲ್ ಸ್ಟ್ಯಾಂಡು, ಪುಟ್ಟ ಫ್ಯಾನು, ಯಾವುದೋ ಲೈಟಿನ ಸ್ವಿಚ್ಚು. ಹತ್ತು ವರ್ಷದ ಮೇಲೆ ಮಾರಲು ಹೊರಟು ಎಲ್ಲ ಬಿಚ್ಚಿದಾಗ ತೂತುಗಳು ಮಾತ್ರ ಉಳಿಯುತ್ತವೆ. ನನ್ನ ಕಾರಿನಲ್ಲಿ ಏಳಿದ್ದವು. ಐದನ್ನು ಕೊರೆದವನು ನಾನೇ.

ತೂತು ಮುಚ್ಚುವುದು ಅರ್ಧ ದಿನದ ಕೆಲಸ. ಮುಚ್ಚಿದ ಜಾಗ ಕಣ್ಣಿಗೆ ಹೊಡೆಯದಂತೆ ಮಾಡುವುದಕ್ಕೆ ಎರಡು ದಿನ ಬೇಕು. ಮಾಡಿ ಕೆಡಿಸಿಕೊಂಡವರೆಲ್ಲ ಈ ಎರಡನೆಯ ಭಾಗದಲ್ಲೇ ಕೆಡಿಸಿಕೊಂಡಿರುತ್ತಾರೆ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಕೈ ಇಡಲಾಗದಷ್ಟು ಕಾಯುತ್ತದೆ. ಆದ್ದರಿಂದ ನೆರಳು ಹುಡುಕಿಕೊಂಡು, ಬಾಗಿಲು ತೆರೆದಿಟ್ಟು, ಬೆಳಿಗ್ಗೆಯೇ ಶುರು ಮಾಡಿ.

ಎಲ್ಲಿ ಕೈ ಹಾಕಬಾರದು

ಎಡಗಡೆ ಸೀಟಿನ ಮುಂದೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂಬ ಅಕ್ಷರವಿದ್ದರೆ ಆ ಮುಚ್ಚಳದ ಮೇಲಾಗಲಿ ಅದರ ಅಂಚಿನಲ್ಲಾಗಲಿ ಪುಟ್ಟಿ, ಅಂಟು, ಬಣ್ಣ ಯಾವುದೂ ಬೇಡ. ಅಪಘಾತವಾದ ಕ್ಷಣದಲ್ಲಿ ಆ ಮುಚ್ಚಳ ಗೊತ್ತಾದ ಗೆರೆಯಲ್ಲೇ ಹರಿದು ತೆರೆದುಕೊಳ್ಳಬೇಕು. ಅಲ್ಲಿ ಗಟ್ಟಿ ಉಂಡೆ ಕೂತಿದ್ದರೆ ಅದು ಸವಾರರ ಮುಖಕ್ಕೆ ಸಿಡಿಯಬಹುದು. 2021ರ ಏಪ್ರಿಲ್ ನಂತರ ಬಂದ ಹೊಸ ಮಾಡೆಲ್‌ಗಳಲ್ಲಿ ಎಡಗಡೆಯ ಏರ್‌ಬ್ಯಾಗ್ ಕಡ್ಡಾಯ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲೂ ಇರುತ್ತದೆ. ಅಲ್ಲಿ ತೂತಿದ್ದರೆ ಸರ್ವೀಸ್ ಸೆಂಟರಿಗೆ ತೋರಿಸಿ, ಇಲ್ಲವೇ ಕೊಳ್ಳುವವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ಇನ್ನೊಂದು ಮಾತು. ತೂತಾದ ಭಾಗ ಬಿಚ್ಚಿ ತೆಗೆಯಬಹುದಾದ ಸಣ್ಣ ಪಟ್ಟಿಯಾಗಿದ್ದರೆ ರಿಪೇರಿಯ ಗೋಜೇ ಬೇಡ. ಗುಜರಿಯಲ್ಲಿ ಅದೇ ಮಾಡೆಲ್ಲಿನ ಪಟ್ಟಿ ಸಿಕ್ಕಿದರೆ ಹಾಕಿಬಿಡಿ. ಸ್ವಿಚ್ಚಿನ ಖಾಲಿ ಜಾಗಕ್ಕೆ ಡಮ್ಮಿ ಸ್ವಿಚ್ಚು ಸಿಗುತ್ತದೆ.

ಯಾವ ಪ್ಲಾಸ್ಟಿಕ್?

ನಾನು ಮೊದಲ ತೂತಿಗೆ ಫೆವಿಕ್ವಿಕ್ ಸುರಿದು, ಮರುದಿನ ಉಗುರಲ್ಲಿ ಕೆರೆದರೆ ಇಡಿಯಾಗಿ ಎದ್ದು ಬಂತು. ಪರಿಚಯದ ಟಿಂಕರಿಂಗ್ ಮೇಸ್ತ್ರಿಗೆ ತೋರಿಸಿದಾಗ ನಕ್ಕರು. “ಸಾರ್, ಇದು ಪಿಪಿ. ಇದಕ್ಕೆ ಯಾವ ಅಂಟೂ ಹಿಡಿಯಲ್ಲ, ಕೊಕ್ಕೆ ಹಾಕ್ದಂಗೆ ಕೂರಿಸ್ಬೇಕು.”

ಡ್ಯಾಶ್‌ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಮತ್ತು ಎಬಿಎಸ್. ಗ್ಲೋವ್ ಬಾಕ್ಸ್ ಬಿಚ್ಚಿ ಬೆನ್ನಭಾಗಕ್ಕೆ ಟಾರ್ಚ್ ಬಿಟ್ಟರೆ ಹೆಸರು ಅಚ್ಚೊತ್ತಿರುವುದು ಕಾಣಬಹುದು. ಇಲ್ಲದಿದ್ದರೆ ಕಾಣದ ಮೂಲೆಯಲ್ಲಿ ಅಸಿಟೋನ್ ಮುಟ್ಟಿಸಿದ ಹತ್ತಿಯನ್ನು ಒತ್ತಿ ನೋಡಿ. ಮೇಲ್ಮೈ ಜಿಗುಟಾದರೆ ಎಬಿಎಸ್, ಏನೂ ಆಗದಿದ್ದರೆ ಬಹುಪಾಲು ಪಿಪಿ. ಚೂರನ್ನು ನೀರಿಗೆ ಹಾಕಿ ತೇಲಿದರೆ ಪಿಪಿ ಎನ್ನುವ ಪರೀಕ್ಷೆಯನ್ನು ಇಲ್ಲಿ ನೆಚ್ಚಬೇಡಿ. ಕಾರಿನ ಪಿಪಿಗೆ ಟಾಲ್ಕ್ ಪುಡಿ ಬೆರೆಸಿರುತ್ತಾರೆ, ಅದು ಮುಳುಗಲೂಬಹುದು.

ಜಿಡ್ಡು ತೆಗೆಯುವುದು

ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದರ ಮೇಲೆ ಪುಟ್ಟಿಯೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಹಳೆಯ ಟೇಪಿನ ಅಂಟಿಗೆ ನೀಲಗಿರಿ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ಮೂಲೆಯಲ್ಲಿ ಹಚ್ಚಿ ನೋಡಿಕೊಳ್ಳಿ. ನಂತರ ಸೋಪಿನ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಪೆಟ್ರೋಲು, ಥಿನ್ನರ್ ಬೇಡ. ಆಯುಧಪೂಜೆಯ ಕುಂಕುಮ ತೂತಿನೊಳಗೆ ಗಟ್ಟಿಕಟ್ಟಿದ್ದರೆ ಗುಂಡುಪಿನ್ನಿನಿಂದ ಕೆರೆದು ತೆಗೆಯಿರಿ.

ಸಣ್ಣ ತೂತು

ಸ್ಕ್ರೂ ತೂತಿನ ಸುತ್ತ ಪ್ಲಾಸ್ಟಿಕ್ ಉಬ್ಬಿರುತ್ತದೆ. ಚೂಪು ಬ್ಲೇಡಿನಿಂದ ಅದನ್ನು ಸವರಿ, ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಾಯಿಯನ್ನು ತುಸು ಅಗಲಿಸಿ, ಒಳಗೋಡೆಯನ್ನು ಗೀರಿ ಒರಟು ಮಾಡಿ.

ಮೇಸ್ತ್ರಿ ಹೇಳಿದ ಕೊಕ್ಕೆ ಇಲ್ಲಿದೆ. ಎಂ-ಸೀಲ್‌ನಂಥ ಎಪಾಕ್ಸಿಯ ಎರಡು ಬಣ್ಣಗಳು ಒಂದಾಗುವವರೆಗೆ ನಾದಿ, ಬತ್ತಿಯ ಹಾಗೆ ಹೊಸೆದು, ತೂತಿನೊಳಗೆ ತುರುಕಿ. ಒಂದಿಷ್ಟು ಹಿಂಬದಿಗೆ ದಾಟಿ ಅಣಬೆಯ ಟೋಪಿಯಂತೆ ಹರಡಿಕೊಳ್ಳಬೇಕು. ಗಟ್ಟಿಯಾದ ಮೇಲೆ ಅಂಟು ಹಿಡಿಯದಿದ್ದರೂ ಆಕಾರವೇ ಹಿಡಿದಿಡುತ್ತದೆ. ಮೇಲ್ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿನಲ್ಲಿ ನಿಲ್ಲಿಸಿ, ರಾತ್ರಿಯಿಡೀ ಬಿಡಿ.

ಎಬಿಎಸ್ ಆದರೆ ಹಿಂದಿನಿಂದ ಟೇಪ್ ಹಚ್ಚಿ, ಅಡುಗೆ ಸೋಡಾ ತುಂಬಿ, ಫೆವಿಕ್ವಿಕ್ ಹನಿಸಿದರೂ ಆಗುತ್ತದೆ. ಕ್ಷಣದಲ್ಲಿ ಕಲ್ಲಾಗುತ್ತದೆ, ಬಿಸಿಯೂ ಘಾಟು ಹೊಗೆಯೂ ಏಳುತ್ತವೆ, ಮುಖ ದೂರವಿರಲಿ. ಗ್ಲೂ ಗನ್ನಿನ ಅಂಟನ್ನು ಮಾತ್ರ ಬಳಸಬೇಡಿ. ಅದು ನಮ್ಮ ಬೇಸಿಗೆಗೆ ಬೆಣ್ಣೆಯಾಗುತ್ತದೆ.

ರೂಪಾಯಿ ಅಗಲದ ತೂತು

ಕಿಟಕಿಯ ಸೊಳ್ಳೆ ಜಾಲರಿಯಿಂದ ತೂತಿಗಿಂತ ಎರಡು ಸೆಂಟಿಮೀಟರ್ ದೊಡ್ಡ ತುಂಡು ಕತ್ತರಿಸಿ, ನಡುವೆ ದಾರ ಪೋಣಿಸಿ. ಅಂಚಿಗೆ ಎಪಾಕ್ಸಿ ಹಚ್ಚಿ, ಮಡಚಿ ತೂತಿನೊಳಗೆ ತಳ್ಳಿ, ದಾರ ಎಳೆದು ಹಿಂಬದಿಗೆ ಕಚ್ಚಿಸಿ. ತೂತಿನ ಮೇಲೆ ಅಡ್ಡಲಾಗಿ ಪೆನ್ಸಿಲ್ ಇಟ್ಟು ದಾರವನ್ನು ಅದಕ್ಕೆ ಬಿಗಿದು ಕಟ್ಟಿ. ಮರುದಿನ ದಾರ ಕತ್ತರಿಸಿ, ಜಾಲರಿಯ ಮೇಲೆ ಎಪಾಕ್ಸಿಯನ್ನು ಎರಡು ಮೂರು ತೆಳು ಪದರಗಳಲ್ಲಿ ತುಂಬಿ. ಹಿಂದೆ ವೈರುಗಳೂ ಎಸಿ ಕೊಳವೆಗಳೂ ಇರುತ್ತವೆ. ಕೈಗೆ ಬಂದಷ್ಟು ತುರುಕಬೇಡಿ.

ಉಜ್ಜುವುದು, ಅಚ್ಚು ಒತ್ತುವುದು

ಸುತ್ತಲೂ ಎರಡು ಮಿಲಿಮೀಟರ್ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಉಪ್ಪುಕಾಗದವನ್ನು ಶಾಲೆಯ ರಬ್ಬರಿಗೆ ಸುತ್ತಿ, 180 ನಂಬರಿನಿಂದ ಶುರುಮಾಡಿ 320, ಆಮೇಲೆ 600. ಬೆರಳಲ್ಲೇ ಉಜ್ಜಿದರೆ ಗುಳಿ ಬೀಳುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ಈಗ ತೂತು ಹೋಗಿ ನುಣ್ಣನೆಯ ಮಚ್ಚೆ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಮೈಮೇಲೆ ಚರ್ಮದಂಥ ಸಣ್ಣ ಸಣ್ಣ ಸುಕ್ಕುಗಳಿರುತ್ತವೆ; ಆ ಸುಕ್ಕಿಲ್ಲದ ಜಾಗ ಬೆಳಕು ಬಿದ್ದ ಕೂಡಲೇ ಮಿಂಚುತ್ತದೆ. ಅದಕ್ಕೊಂದು ಅಚ್ಚು ಮಾಡಿಕೊಳ್ಳಬೇಕು. ತೂತಿಲ್ಲದ ಕಡೆ, ಸಾಧ್ಯವಾದರೆ ಅದೇ ಮುಖದಲ್ಲೇ, ವ್ಯಾಸಲೀನ್ ಅನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ. ಹದವಾಗಿ ನಾದಿದ ಎಂ-ಸೀಲ್ ಉಂಡೆಯನ್ನು ಅದರ ಮೇಲೆ ಒತ್ತಿ, ಗಟ್ಟಿಯಾದ ಮೇಲೆ ಕಿತ್ತರೆ ಸುಕ್ಕಿನ ಪಡಿಯಚ್ಚು ನಿಮ್ಮ ಕೈಯಲ್ಲಿ. ರಿಪೇರಿ ಜಾಗಕ್ಕೆ ಎಪಾಕ್ಸಿಯ ಕೊನೆಯ ತೆಳು ಪದರ ಹಚ್ಚಿ, ಅದು ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ವ್ಯಾಸಲೀನ್ ಸವರಿ ಒತ್ತಿ ತೆಗೆಯಿರಿ. ಬೇಗ ಒತ್ತಿದರೆ ಅಂಟಿಕೊಂಡು ಬರುತ್ತದೆ, ತಡವಾದರೆ ಗುರುತೇ ಮೂಡುವುದಿಲ್ಲ. ನನಗೆ ಮೂರನೆಯ ಸಲಕ್ಕೆ ಕೈಗೂಡಿತು. ಮೊದಲು ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಅಭ್ಯಾಸ ಮಾಡಿಕೊಳ್ಳಿ.

ಬಣ್ಣ

ವ್ಯಾಸಲೀನ್ ಪೂರ್ತಿ ಹೋಗುವಂತೆ ಮತ್ತೆ ಆಲ್ಕೋಹಾಲಿನಿಂದ ಒರೆಸಿ. ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಬಣ್ಣ ಹೊಡೆದರೆ ತಿಂಗಳೊಳಗೆ ಹಪ್ಪಳದಂತೆ ಏಳುತ್ತದೆ. ಹತ್ತು ವರ್ಷ ಬಿಸಿಲು ತಿಂದ ಬೂದುಬಣ್ಣ ಕಂಪನಿಯ ಬೂದುಬಣ್ಣವಾಗಿ ಉಳಿದಿರುವುದಿಲ್ಲ, ಹಾಗಾಗಿ ರಟ್ಟಿನ ಮೇಲೆ ಸಿಂಪಡಿಸಿ, ಒಣಗಿಸಿ, ಹಗಲು ಬೆಳಕಿನಲ್ಲಿ ಪಕ್ಕಕ್ಕಿಟ್ಟು ಹೋಲಿಸಿ. ಮ್ಯಾಟ್ ಬಣ್ಣವೇ ಇರಲಿ. ಗಾಜು, ಸೀಟು, ಮೀಟರಿಗೆ ಹಳೆಯ ಪತ್ರಿಕೆ ಹೊದಿಸಿ, 25–30 ಸೆಂಟಿಮೀಟರ್ ದೂರದಿಂದ ಮಂಜಿನಂತೆ ಮೂರು ನಾಲ್ಕು ಸಲ ಸಿಂಪಡಿಸಿ. ಅಂಗೈಯಗಲ ಹೊಡೆದರೆ ತೇಪೆ ಹಾಕಿದಂತೆ ಕಾಣುತ್ತದೆ. ಆ ಪಟ್ಟಿಯನ್ನು ಒಂದು ಜೋಡಣೆಗೆರೆಯಿಂದ ಇನ್ನೊಂದರವರೆಗೆ ಪೂರ್ತಿ ಹೊಡೆಯುವುದು ಮೇಲು.

ಇಷ್ಟೆಲ್ಲ ಯಾಕೆ, ಮೇಲೊಂದು ಹೊದಿಕೆ ಹಾಸಿದರಾಯಿತು ಎನ್ನುವವರಿದ್ದಾರೆ. ಹಳೆಯ ಕಾರು ಕೊಳ್ಳಲು ಬಂದವರು ಮೊದಲು ಎತ್ತಿ ನೋಡುವುದೇ ಆ ಹೊದಿಕೆಯನ್ನು.

ನನ್ನ ಕಾರು ನೋಡಲು ಮಂಡ್ಯದಿಂದ ಅಪ್ಪ ಮಗ ಬಂದಿದ್ದರು. ರಿಪೇರಿಯಾದ ಜಾಗಗಳನ್ನು ನಾನೇ ಬೆರಳಿಟ್ಟು ತೋರಿಸಿದೆ. ಆರು ಗೊತ್ತಾಗಲೇ ಇಲ್ಲವಂತೆ. ಏಳನೆಯದರ ಬಣ್ಣ ತುಸು ಕಪ್ಪಾಗಿತ್ತು. ಅಪ್ಪ ಅದನ್ನೊಮ್ಮೆ ಸವರಿ, “ಇರ್ಲಿ ಬುಡಿ ಸಾರ್, ಬಾನೆಟ್ ಎತ್ತಿ” ಅಂದರು. ವ್ಯಾಪಾರ ಕುದುರಿದ ದಿನವೇ ಗಾಡಿಯ ಮಾಲೀಕತ್ವ ವರ್ಗಾಯಿಸುವ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಪ್ರತಿ ಇಟ್ಟುಕೊಂಡೆ. ಗಾಡಿ ರಾಜ್ಯದೊಳಗೇ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.